ಬೆಣ್ಣೆ ಇಲ್ಲ, ಬೆಣ್ಣೆಯಲ್ಲ: ಫ್ರೆಂಚ್ ವ್ಯಾಕರಣಕ್ಕೆ ಕನ್ನಡದ ಒಳದಾರಿ

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗದವಳು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿದ್ದೇನೆ. ಫ್ರಾನ್ಸಿನಲ್ಲಿ ಮುಂದಿನ ಓದು ಓದುವ ಆಸೆ. ಆರು ತಿಂಗಳಿಂದ ಒಂದು ಮೊಬೈಲ್ ಆ್ಯಪ್ ಮತ್ತು ಇಂಗ್ಲಿಷಿನಲ್ಲಿರುವ ಒಂದು ಪುಸ್ತಕ ಇಟ್ಟುಕೊಂಡು ಫ್ರೆಂಚ್ ಕಲಿಯುತ್ತಿದ್ದೇನೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬಲ್ಲೇ ನನಗೆ ತಲೆನೋವು ಬರುತ್ತದೆ. ಭೂತಕಾಲ ಎರಡೇಕೆ? ಅದರಲ್ಲೂ ಒಂದಕ್ಕೆ ಎರಡು ಸಹಾಯಕ ಕ್ರಿಯಾಪದಗಳೇಕೆ? ನಾಮಪದದ ಮುಂದೆ ಬರುವ ‘ಲ’, ‘ದ್ಯು’, ‘ದ’ ಇವುಗಳಲ್ಲಿ ಯಾವುದನ್ನು ಎಲ್ಲಿ ಹಾಕಬೇಕು? ಫ್ರೆಂಚ್ ಎಷ್ಟು ಬರುತ್ತದೆ ಎಂದು ಅಳೆಯುವ ಡೆಲ್ಫ್ ಪರೀಕ್ಷೆಗೆ ನನಗೆ ಇನ್ನೂ ಒಂದು ವರ್ಷ ಬೇಕು ಎನಿಸುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ವ್ಯಾಕರಣವೇ ಗಟ್ಟಿಯಿಲ್ಲ. ಮೊದಲು ಅದನ್ನು ಸರಿಮಾಡಿಕೊಂಡು ಆಮೇಲೆ ಫ್ರೆಂಚಿಗೆ ಬರಲೇ? ನಿಮ್ಮನ್ನು ‘ತ್ಯು’ ಎನ್ನಬೇಕೋ ‘ವು’ ಎನ್ನಬೇಕೋ ಅದೂ ತಿಳಿಯದು. ಜ ಸ್ವಿ ವೆಂತ್ ತ್ರ್ವಾ ಆಂ. ತಪ್ಪಿದ್ದರೆ ತಿದ್ದಿ.

ಉತ್ತರ: ತಿದ್ದುತ್ತೇನೆ. ನಿಮ್ಮ ಫ್ರೆಂಚ್ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಎರಡೂ ನೀವು ಓದುತ್ತಿರುವ ಇಂಗ್ಲಿಷ್ ಪುಸ್ತಕದ ದಾರಿಯಲ್ಲಿ ಅಂಟಿಕೊಂಡ ಧೂಳು.

ನಿಮಗೆ 23 ವರ್ಷ ಎಂದು ಹೇಳಲು ‘ಜ ಸ್ವಿ’ ಎಂದಿರಿ. ‘ಸ್ವಿ’ ಎಂದರೆ ‘ಇದ್ದೇನೆ, ಆಗಿದ್ದೇನೆ’. ಕನ್ನಡದಲ್ಲಿ ಯಾರಾದರೂ ‘ನಾನು ಇಪ್ಪತ್ತಮೂರು ವರ್ಷ ಆಗಿದ್ದೇನೆ’ ಎನ್ನುತ್ತಾರೆಯೇ? ‘ನನಗೆ ಇಪ್ಪತ್ತಮೂರು ವರ್ಷ’ ಎನ್ನುತ್ತೇವೆ. ಫ್ರೆಂಚರೂ ವರ್ಷಗಳನ್ನು ತಮ್ಮ ಬಳಿ ಇರುವ ಆಸ್ತಿಯಂತೆ ಹೇಳುತ್ತಾರೆ: ‘ಜೆ ವೆಂತ್ ತ್ರ್ವಾಜ಼ಾಂ’. ಇಲ್ಲಿ ‘ಜೆ’ ಎಂಬುದು ‘ಜ’ ಮತ್ತು ‘ಎ’ ಸೇರಿದ್ದು, ‘ನನಗೆ ಇದೆ, ನನ್ನ ಬಳಿ ಇದೆ’ ಎಂಬ ಅರ್ಥದ ‘ಅವ್ವಾರ್’ ಕ್ರಿಯಾಪದದ ರೂಪ. ಎರಡನೆಯ ತಪ್ಪು ‘ತ್ರ್ವಾ ಆಂ’ ಎಂದು ಬಿಡಿಸಿ ಬರೆದದ್ದು. ಅದರ ಮಾತು ಮುಂದೆ ಬರುತ್ತದೆ.

ನಿಮ್ಮ ನಿಜವಾದ ಪ್ರಶ್ನೆ ಇಂಗ್ಲಿಷನ್ನು ಮೊದಲು ಸರಿಮಾಡಿಕೊಳ್ಳಬೇಕೇ ಎಂಬುದು. ಅದಕ್ಕೆ ಉತ್ತರ: ಬೇಡ. ದಾವಣಗೆರೆಯಲ್ಲಿ ಮಕ್ಕಳಿಗೆ ಫ್ರೆಂಚ್ ಹೇಳಿಕೊಡಲು ಶುರುಮಾಡಿದ ಹೊಸದರಲ್ಲಿ ನಾನೂ ಇಂಗ್ಲಿಷಿನ ಮೂಲಕವೇ ಪಾಠ ಮಾಡುತ್ತಿದ್ದೆ. ಹರಿಹರಕ್ಕೆ ಹೋಗಲು ಹುಬ್ಬಳ್ಳಿ ಸುತ್ತಿ ಬಂದಂತೆ ಆಗುತ್ತಿತ್ತು. ಇಂಗ್ಲಿಷ್ ಚೆನ್ನಾಗಿ ಬಲ್ಲ ಮಕ್ಕಳು ‘ಜ ಸ್ವಿ ಫೆಂ’ ಎಂದು ಬರೆದು, ‘ಹಸಿವು’ ಎಂಬ ನಾಮಪದವನ್ನು ‘ನಾನು’ ಎಂಬುದಕ್ಕೆ ಅಂಟಿಸುತ್ತಿದ್ದರು. ಒಂದು ದಿನ ಬೇಸತ್ತು ಹಲಗೆಯ ಮೇಲೆ ಕನ್ನಡದಲ್ಲಿ ಬರೆದೆ: ನನಗೆ ಹಸಿವಿದೆ, ಬಾಯಾರಿಕೆ ಇದೆ, ನಿದ್ದೆ ಬಂದಿದೆ, ಭಯ ಇದೆ, ನಾಚಿಕೆ ಇದೆ, ಚಳಿ ಇದೆ, ಸೆಕೆ ಇದೆ. ಏಳಕ್ಕೆ ಏಳೂ ಫ್ರೆಂಚಿನಲ್ಲಿ ‘ಅವ್ವಾರ್’ ಜೊತೆಗೇ ಬರುತ್ತವೆ. ಏಳಕ್ಕೆ ಏಳೂ ಇಂಗ್ಲಿಷಿನಲ್ಲಿ ಬೇರೆ ದಾರಿ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಕುಳಿತು ‘ಜೆ ಶೋ’ ಎನ್ನಿ, ‘ನನಗೆ ಸೆಕೆ’ ಎಂದಾಗುತ್ತದೆ. ಇಂಗ್ಲಿಷಿನ ಅಚ್ಚಿನಲ್ಲಿ ‘ಜ ಸ್ವಿ’ ಹಾಕಿದರೆ ಬೇರೆಯೇ ಅರ್ಥ ಬರುತ್ತದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ನಿಮ್ಮ ಪತ್ರವನ್ನೇ ತೆಗೆದುಕೊಳ್ಳಿ. ‘ಆರು ತಿಂಗಳಿಂದ ಕಲಿಯುತ್ತಿದ್ದೇನೆ’ ಎಂದು ಬರೆದಿದ್ದೀರಿ. ಆರು ತಿಂಗಳ ಹಿಂದೆ ಶುರುವಾಗಿ ಇಂದಿಗೂ ನಡೆದಿರುವ ಕೆಲಸ, ಆದರೂ ವರ್ತಮಾನಕಾಲ. ಇಂಗ್ಲಿಷಿನಲ್ಲಿ ಇದಕ್ಕೊಂದು ಪ್ರತ್ಯೇಕ ಕಾಲರೂಪ ಬೇಕು, ನಮ್ಮ ಕಾಲೇಜು ಹುಡುಗರನ್ನು ಗೋಳಾಡಿಸುವ ರೂಪ. ಫ್ರೆಂಚಿಗೆ ಅದು ಬೇಡ: ‘ಜಾಪ್ರಾಂ ಲ ಫ್ರಾಂಸೆ ದಪ್ವಿ ಸಿ ಮ್ವಾ’. ಇಲ್ಲಿ ‘ಜಾಪ್ರಾಂ’ ಶುದ್ಧ ವರ್ತಮಾನ. ‘ದಪ್ವಿ’ ನಮ್ಮ ‘ಇಂದ’. ‘ನನಗೆ ಇನ್ನೂ ಒಂದು ವರ್ಷ ಬೇಕು’ ಎಂದಿರಿ: ‘ಇಲ್ ಮ ಫೋ ಆಂಕೋರ್ ಎನ್ನಾಂ’. ಇದರಲ್ಲಿ ‘ಮ’ ಎಂದರೆ ‘ನನಗೆ’, ‘ಫೋ’ ಎಂದರೆ ‘ಬೇಕು’. ‘ನನಗೆ ತಲೆನೋವು’ ಎಂದಿರಿ: ‘ಜೆ ಮಾಲ್ ಆ ಲಾ ತೆತ್’, ನನಗೆ ತಲೆಯಲ್ಲಿ ನೋವಿದೆ. ಯಾರಿಗೆ ಅನುಭವವಾಯಿತೋ ಅವರನ್ನು ಚತುರ್ಥಿ ವಿಭಕ್ತಿಯಲ್ಲಿಟ್ಟು, ಅನುಭವವನ್ನೇ ಕರ್ತೃ ಮಾಡುವುದು ನಮ್ಮ ಭಾಷೆಯ ಹುಟ್ಟುಗುಣ. ಫ್ರೆಂಚಿನಲ್ಲೂ ಅದು ಅಲ್ಲಲ್ಲಿ ತಲೆಯೆತ್ತುತ್ತದೆ. ‘ಇದು ನನಗೆ ಹಿಡಿಸುತ್ತದೆ’ ಎನ್ನಲು ‘ಸಾ ಮ ಪ್ಲೆ’ ಎನ್ನುತ್ತಾರೆ, ಕರ್ತೃ ‘ಇದು’. ಯಾರಾದರೂ ನೆನಪಾದರೆ ‘ತ್ಯು ಮ ಮಾಂಕ್’, ಎಂದರೆ ‘ನೀನು ನನಗೆ ಕೊರತೆಯಾಗಿದ್ದೀಯ’. ಇದನ್ನು ಇಂಗ್ಲಿಷಿನಿಂದ ತಂದವರು ಕರ್ತೃವನ್ನೂ ಕರ್ಮವನ್ನೂ ಅದಲುಬದಲು ಮಾಡಿ, ‘ನಾನು ಇಲ್ಲದೆ ನಿನಗೆ ಬೇಸರ’ ಎಂದು ಪ್ರೇಮಪತ್ರ ಬರೆದದ್ದನ್ನು ನೋಡಿದ್ದೇನೆ.

ಇನ್ನು ಮೇಜಿನ ವಿಷಯ. ಇಲ್ಲಿ ಕನ್ನಡ ಕೈಕೊಡುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ. ಮನುಷ್ಯರು, ದೇವರು ಬಿಟ್ಟರೆ ಉಳಿದದ್ದೆಲ್ಲ ನಪುಂಸಕ. ಸೂರ್ಯನನ್ನು ‘ಮೂಡಿದನು’ ಎಂದೂ ‘ಮೂಡಿತು’ ಎಂದೂ ಹೇಳುವ ಸ್ವಾತಂತ್ರ್ಯ ನಮಗಿದೆ. ಫ್ರೆಂಚಿನಲ್ಲಿ ಸೂರ್ಯ ಗಂಡು, ಚಂದ್ರ ಹೆಣ್ಣು, ಎರಡು ಮಾತಿಲ್ಲ. ಕಾರಣ ಕೇಳಬೇಡಿ. ಮೇಜು ಎಂಬ ಅರ್ಥದ ‘ತಾಬ್ಲ್’ ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗವಾಗಿತ್ತು, ಹಾಗೇ ಬಂತು. ಪುಸ್ತಕ ಎಂಬ ಅರ್ಥದ ‘ಲೀವ್ರ್’ ಪುಲ್ಲಿಂಗವಾಗಿತ್ತು, ಹಾಗೇ ಬಂತು. ಲ್ಯಾಟಿನ್ನಿನಲ್ಲಿದ್ದ ನಪುಂಸಕ ಲಿಂಗ ಮಾತ್ರ ದಾರಿಯಲ್ಲಿ ಕಳೆದುಹೋಯಿತು, ಅದರ ಪದಗಳು ಹೆಚ್ಚಾಗಿ ಗಂಡಿನ ಪಾಲಾದವು. ನಿಮ್ಮ ಮನೆಯ ಸುತ್ತ ಉರ್ದು ಮಾತನಾಡುವವರಿದ್ದರೆ ಒಂದು ಅನುಕೂಲ: ನಿರ್ಜೀವ ವಸ್ತುವಿಗೂ ಲಿಂಗ ಇರಬಹುದು ಎಂಬುದು ನಿಮಗೆ ಆಶ್ಚರ್ಯವಾಗುವುದಿಲ್ಲ. ಆದರೆ ಅಲ್ಲಿಯ ಲಿಂಗವನ್ನೇ ಇಲ್ಲಿಗೆ ತರಬೇಡಿ. ಉರ್ದುವಿನಲ್ಲಿ ಚಹಾ ಹೆಣ್ಣು, ಫ್ರೆಂಚಿನಲ್ಲಿ ಗಂಡು.

ಬಾಯಿಪಾಠವೇ ಗತಿ, ಆದರೆ ಬರೀ ‘ತಾಬ್ಲ್’ ಎಂದಲ್ಲ, ‘ಒಂದು’ ಎಂಬುದರ ಹೆಣ್ಣುರೂಪ ಸೇರಿಸಿ ‘ಯೂನ್ ತಾಬ್ಲ್’ ಎಂದು ಜೋಡಿಯಾಗಿ. ಪದದ ಬಾಲ ನೋಡಿಯೂ ಬಹಳಷ್ಟು ಹೇಳಬಹುದು. ‘ತೆ’ ಎಂದು ಮುಗಿಯುವ ಭಾವನಾಮಗಳು ಸ್ತ್ರೀಲಿಂಗ: ಲಿಬೆರ್ತೆ, ಎಗಾಲಿತೆ. ನಮ್ಮ ‘ಸಮಾನತೆ’ಯ ತೆಯನ್ನು ನೆನೆಯಿರಿ. ಸಂಸ್ಕೃತದಲ್ಲಿ ‘ತಾ’ ಪ್ರತ್ಯಯದ ಪದಗಳೂ ಸ್ತ್ರೀಲಿಂಗವೇ, ಹಾಗಾಗಿ ಇದು ಮರೆಯುವುದಿಲ್ಲ. ‘ಆಜ್’ ಎಂದು ಮುಗಿಯುವವು ಪುಲ್ಲಿಂಗ: ವ್ವಾಯಾಜ್, ಫ್ರೋಮಾಜ್, ವಿಲಾಜ್. ಪುಟ, ಚಿತ್ರ, ಪಂಜರ, ಕಡಲತೀರ ಎಂಬ ಅರ್ಥದ ಪಾಜ್, ಇಮಾಜ್, ಕಾಜ್, ಪ್ಲಾಜ್ ಮುಂತಾದ ಕೆಲವು ಮಾತ್ರ ಹೆಣ್ಣು. ‘ಮಾಂ’ ಎಂದು ಮುಗಿಯುವ ಗುವೆರ್ನಮಾಂ, ಆಪಾರ್ತಮಾಂ ಗಂಡು. ‘ಸ್ಯೊಂ’, ‘ತ್ಯೊಂ’ ಎಂದು ಮುಗಿಯುವ ನಾಸ್ಯೊಂ, ಸ್ತಾಸ್ಯೊಂ, ಕೆಸ್ತ್ಯೊಂ ಹೆಣ್ಣು. ಈ ಕೊನೆಯ ನಿಯಮವನ್ನು ಮುರಿಯುವ ಪ್ರಸಿದ್ಧ ಪದ ಒಂದೇ ಒಂದು, ಅದು ನಿಮ್ಮೂರಿನಲ್ಲೇ ಇದೆ. ಏಳು ಸುತ್ತಿನ ಕೋಟೆಯ ಬತೇರಿಗಳನ್ನು ಫ್ರೆಂಚಿನಲ್ಲಿ ‘ಬಾಸ್ತ್ಯೊಂ’ ಎನ್ನುತ್ತಾರೆ, ಅದು ಗಂಡು. ಒಂದು ಭಾನುವಾರ ಬತೇರಿಯ ನೆರಳಿನಲ್ಲಿ ನಿಂತು ‘ಎಂ ಬಾಸ್ತ್ಯೊಂ’ ಎಂದು ಹತ್ತು ಸಲ ಹೇಳಿ. ಯಾವ ಆ್ಯಪ್ ಕೂಡ ಅಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಫ್ರೆಂಚರೂ ಇದರಲ್ಲಿ ಜಗಳವಾಡುತ್ತಾರೆ ಎಂದರೆ ನಿಮಗೆ ಸ್ವಲ್ಪ ಸಮಾಧಾನವಾದೀತು. 2020ರಲ್ಲಿ ಕೋವಿಡ್ ಬಂದಾಗ ಜನ ಅದನ್ನು ಗಂಡು ಮಾಡಿಕೊಂಡು ಮಾತನಾಡುತ್ತಿದ್ದರು. 1635ರಿಂದ ಭಾಷೆಯ ಕಾವಲಿಗೆ ಕುಳಿತಿರುವ ಫ್ರೆಂಚ್ ಅಕಾಡೆಮಿಯು ‘ಕಾಯಿಲೆ ಎಂಬ ಪದ ಸ್ತ್ರೀಲಿಂಗ, ಆದ್ದರಿಂದ ಕೋವಿಡ್ ಕೂಡ ಹೆಣ್ಣು’ ಎಂದು ತೀರ್ಪು ಕೊಟ್ಟಿತು. ಅದಾದ ಮೇಲೂ ಬಹಳ ಜನ ಗಂಡಾಗಿಯೇ ಉಳಿಸಿಕೊಂಡರು.

ಎರಡು ಭೂತಕಾಲಗಳ ಪ್ರಶ್ನೆಗೆ ಬರೋಣ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪುಸ್ತಕಗಳು ಹತ್ತು ಪುಟ ತೆಗೆದುಕೊಳ್ಳುತ್ತವೆ. ನಿಮಗೆ ಐದು ವಾಕ್ಯ ಸಾಕು. ‘ಮಳೆ ಸುರಿಯುತ್ತಿತ್ತು. ಹೋಟೆಲಿನಲ್ಲಿ ಜನ ಇದ್ದರು. ನಾನು ದೋಸೆ ತಿನ್ನುತ್ತಿದ್ದೆ. ಫೋನ್ ಬಂತು. ಎದ್ದು ಹೊರಟೆ.’ ಮೊದಲಿನ ಮೂರು ವಾಕ್ಯಗಳಲ್ಲಿ ಏನೂ ಮುಗಿದಿಲ್ಲ, ಎಲ್ಲವೂ ಹರಡಿಕೊಂಡು ನಿಂತಿವೆ. ಅವು ಫ್ರೆಂಚಿನ ‘ಎಂಪಾರ್ಫೆ’, ಅಂದರೆ ಅಪೂರ್ಣ ಭೂತ: ‘ಇಲ್ ಪ್ಲವೆ’, ‘ಇಲ್ ಯಾವೆ ದ್ಯು ಮೊಂದ್’, ‘ಜ ಮಾಂಜೆ’. ಕೊನೆಯ ಎರಡರಲ್ಲಿ ಕಥೆ ಒಂದು ಹೆಜ್ಜೆ ಮುಂದೆ ಹೋಯಿತು. ಅವು ‘ಪಾಸೆ ಕೊಂಪೊಜೆ’, ಅಂದರೆ ಸಹಾಯಕ ಕ್ರಿಯಾಪದ ಸೇರಿಸಿ ಕಟ್ಟುವ ಭೂತ: ‘ಲ ತೆಲೆಫೋನ್ ಆ ಸೊನೆ’, ‘ಜ ಸ್ವಿ ಪಾರ್ತಿ’.

ನಮ್ಮ ‘ಉತ್ತಿದ್ದೆ’ಗೆ ಎರಡು ಕೆಲಸ. ‘ನಾನು ಆಗ ತಿನ್ನುತ್ತಿದ್ದೆ’ ಎಂದರೆ ಆ ಗಳಿಗೆಯಲ್ಲಿ ನಡೆದಿದ್ದ ಕೆಲಸ. ‘ಚಿಕ್ಕವಳಿದ್ದಾಗ ಮಂಡಕ್ಕಿ ಬಹಳ ತಿನ್ನುತ್ತಿದ್ದೆ’ ಎಂದರೆ ರೂಢಿ. ಎಂಪಾರ್ಫೆಗೂ ಇವೇ ಎರಡು ಕೆಲಸ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ರೂಪಗಳಿರುವುದರಿಂದ ಅಲ್ಲಿಂದ ಬಂದವರು ತಡಕಾಡುತ್ತಾರೆ. ನೀವು ಮನಸ್ಸಿನಲ್ಲಿ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಉತ್ತಿದ್ದ’ ಬಂದರೆ ಎಂಪಾರ್ಫೆ. ‘ಇತ್ತು, ಇದ್ದರು, ಗೊತ್ತಿತ್ತು, ಬೇಕಾಗಿತ್ತು’ ಎಂಬ ಸ್ಥಿತಿಯ ಮಾತುಗಳೂ ಸಾಮಾನ್ಯವಾಗಿ ಅದೇ ಪಂಗಡ.

ಒಂದು ಕಡೆ ಮಾತ್ರ ಈ ಉಪಾಯ ಎಡವುತ್ತದೆ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ದಿನಾಲೂ ಓಡಾಡಿ ಓದಿದವರು ಬಹಳ ಮಂದಿ. ‘ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡುತ್ತಿದ್ದೆ’ ಎಂದು ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ. ಆದರೆ ‘ನಾಲ್ಕು ವರ್ಷ’ ಎಂದು ಎರಡೂ ಕಡೆ ಬೇಲಿ ಹಾಕಿದ ಕೂಡಲೇ ಫ್ರೆಂಚರಿಗೆ ಅದು ಮುಗಿದ ಕಥೆ, ಪಾಸೆ ಕೊಂಪೊಜೆಯೇ ಬೇಕು. ಬೇಲಿ ಕಂಡರೆ ‘ಓಡಾಡಿದೆ’ ಎಂದು ಬದಲಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ ಕಿವಿಗೆ: ‘ಜ ಮಾಂಜೆ’ ಎಂದರೆ ತಿನ್ನುತ್ತಿದ್ದೆ, ‘ಜೆ ಮಾಂಜೆ’ ಎಂದರೆ ತಿಂದೆ. ವ್ಯತ್ಯಾಸ ಇರುವುದು ಮೊದಲ ಅಕ್ಷರದ ಬಾಯಿಯಲ್ಲಿ.

ಈಗ ಸಹಾಯಕ ಕ್ರಿಯಾಪದಗಳು. ಹೆಚ್ಚಿನ ಕ್ರಿಯೆಗಳಿಗೆ ‘ಅವ್ವಾರ್’ ಬರುತ್ತದೆ. ಹೋಗು, ಬಾ, ತಲುಪು, ಹೊರಡು, ಹತ್ತು, ಇಳಿ, ಉಳಿ, ಬೀಳು, ಹುಟ್ಟು, ಸಾಯು ಮುಂತಾದ ಹದಿನೈದು ಹದಿನಾರು ಕ್ರಿಯೆಗಳಿಗೆ ‘ಎತ್ರ್’, ಅಂದರೆ ‘ಇರು’ ಬರುತ್ತದೆ. ‘ಅವಳು ಬಂದಿದ್ದಾಳೆ’ ಎಂಬುದನ್ನು ಬಿಡಿಸಿದರೆ ‘ಬಂದು ಇದ್ದಾಳೆ’. ‘ಎಲ್ ಎ ವನ್ಯು’ ಎಂಬುದನ್ನು ಬಿಡಿಸಿದರೂ ಅಷ್ಟೇ. ನಮ್ಮಲ್ಲಿ ‘ತಿಂದಿದ್ದಾಳೆ’ಗೂ ಇರುವೇ ಬರುತ್ತದೆ, ಅವರಲ್ಲಿ ಅದಕ್ಕೆ ಬರುವುದಿಲ್ಲ. ಅಷ್ಟೇ ವ್ಯತ್ಯಾಸ. ‘ಎತ್ರ್’ ಬಂದಾಗ ಕ್ರಿಯೆಯು ಕರ್ತೃವಿನ ಲಿಂಗ ವಚನಗಳನ್ನು ಅನುಸರಿಸಬೇಕು. ಇದೂ ನಮಗೆ ಹೊಸದಲ್ಲ, ‘ಬಂದಿದ್ದಾನೆ, ಬಂದಿದ್ದಾಳೆ, ಬಂದಿದ್ದಾರೆ’ ಎಂದು ಹುಟ್ಟಿದಾಗಿನಿಂದ ಹೇಳುತ್ತಿದ್ದೇವೆ. ಹೊಸದು ಉತ್ತಮ ಪುರುಷದಲ್ಲಿ. ‘ನಾನು ಬಂದಿದ್ದೇನೆ’ ಎಂದರೆ ಹೇಳಿದವರು ಹೆಣ್ಣೋ ಗಂಡೋ ಕನ್ನಡದಲ್ಲಿ ತಿಳಿಯದು. ಫ್ರೆಂಚಿನಲ್ಲಿ ನೀವು ಬರೆಯುವಾಗ ಕೊನೆಗೊಂದು ‘ಇ’ (e) ಅಕ್ಷರ ಹೆಚ್ಚು ಬರೆಯಬೇಕು. ಉಚ್ಚರಿಸಬಾರದು. ಸತ್ತವರ ವಿಷಯದಲ್ಲಿ ಮಾತ್ರ ಕಿವಿಗೂ ತಿಳಿಯುತ್ತದೆ: ಅವನು ‘ಮೋರ್’, ಅವಳು ‘ಮೋರ್ತ್’.

ಪುಸ್ತಕಗಳು ಇಲ್ಲಿ ಇನ್ನೊಂದು ಕಗ್ಗಂಟು ಹಾಕುತ್ತವೆ: ಇದೇ ಕ್ರಿಯೆಗಳಲ್ಲಿ ಕೆಲವು ಆಗಾಗ ‘ಅವ್ವಾರ್’ ಕಡೆಗೂ ಜಿಗಿಯುತ್ತವೆ. ನಿಮಗೆ ‘ಇಸು’ ಪ್ರತ್ಯಯ ಗೊತ್ತಲ್ಲ? ಬಸ್ಸಿನಿಂದ ‘ಇಳಿದೆ’: ‘ಜ ಸ್ವಿ ದೆಸಾಂದ್ಯು’. ಚೀಲವನ್ನು ‘ಇಳಿಸಿದೆ’: ‘ಜೆ ದೆಸಾಂದ್ಯು ಲ ಸಾಕ್’. ಇಳಿದರೆ ಎತ್ರ್, ಇಳಿಸಿದರೆ ಅವ್ವಾರ್. ಕ್ರಿಯಾಪದ ಎರಡಕ್ಕೂ ಒಂದೇ, ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಅವರು ಸಹಾಯಕವನ್ನು ಬದಲಿಸಿ ಮಾಡುತ್ತಾರೆ. ‘ಇಸು’ ಇಲ್ಲದ ಕಡೆಯೂ ‘ಅನ್ನು’ ಇದ್ದರೆ ಅವ್ವಾರ್: ಕೋಟೆಗೆ ಹತ್ತಿದೆ ಎಂದರೆ ‘ಜ ಸ್ವಿ ಮೊಂತೆ ಓ ಫೋರ್’, ಮೆಟ್ಟಿಲುಗಳನ್ನು ಹತ್ತಿದೆ ಎಂದರೆ ‘ಜೆ ಮೊಂತೆ ಲೆ ಮಾರ್ಶ್’. ಇದಲ್ಲದೆ ನಮ್ಮ ‘ಕೊಳ್ಳು’ ಇದೆ. ಬಟ್ಟೆ ತೊಳೆದೆ ಎಂದರೆ ಅವ್ವಾರ್, ಕೈ ತೊಳೆದುಕೊಂಡೆ ಎಂದರೆ ಎತ್ರ್. ಎಲ್ಲ ‘ಕೊಳ್ಳು’ವೂ ಹೀಗಲ್ಲ, ‘ಬರೆದುಕೊಂಡೆ’ ಎಂಬಲ್ಲಿ ಅವ್ವಾರೇ. ಕ್ರಿಯೆ ತಿರುಗಿ ನಮ್ಮ ಮೈಮೇಲೇ ಬಂದಾಗ ಮಾತ್ರ ಎತ್ರ್.

‘ಲ’, ‘ದ್ಯು’, ‘ದ’ಗಳ ಪ್ರಶ್ನೆಗೆ ಒಂದು ಸಂಜೆಯ ಕಥೆ ಹೇಳುತ್ತೇನೆ. ಪರೀಕ್ಷೆ ಮುಗಿಸಿದ ನಾಲ್ವರು ಮಕ್ಕಳನ್ನು ಬೆಣ್ಣೆ ದೋಸೆಗೆಂದು ಕರೆದುಕೊಂಡು ಹೋಗಿದ್ದೆ. ಹೋಟೆಲಿನ ಹೆಸರು ಬೇಡ. ಸೌದೆ ಒಲೆ ಉರಿಯುತ್ತಿತ್ತು, ಕಾವಲಿಯ ಮೇಲೆ ಹಿಟ್ಟು ಚುಯ್ ಎನ್ನುತ್ತಿತ್ತು. ಬಡಿಸುವ ಹುಡುಗ ಬಂದು ‘ಬೆಣ್ಣೆ ಇಲ್ಲ ಮೇಡಂ, ಹತ್ತು ನಿಮಿಷ ಆಗುತ್ತದೆ’ ಎಂದ. ಕಾದೆವು. ಹತ್ತು ನಿಮಿಷ ಅರ್ಧ ಗಂಟೆಯಾಯಿತು. ದೋಸೆ ಬಂತು, ಮೇಲೊಂದು ಬಿಳಿ ಉಂಡೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಹಳ್ಳಿಯಿಂದ ಬಂದಿದ್ದ ಒಬ್ಬಳು, ಮನೆಯಲ್ಲಿ ಎಮ್ಮೆ ಕಟ್ಟಿದವರ ಮಗಳು, ತುದಿಬೆರಳಿನಲ್ಲಿ ಮುಟ್ಟಿ ನಾಲಗೆಗೆ ಇಟ್ಟು ‘ಮೇಡಂ, ಇದು ಬೆಣ್ಣೆಯಲ್ಲ’ ಎಂದಳು.

ಅವಳ ನಾಲಗೆ ಹೇಳಿದ್ದು ಸರಿಯೋ ತಪ್ಪೋ, ನನಗೆ ಪಾಠ ಸಿಕ್ಕಿತು. ಹುಡುಗ ಹೇಳಿದ್ದು ‘ಬೆಣ್ಣೆ ಇಲ್ಲ’: ‘ಇಲ್ ನ್ಯಾ ಪಾ ದ ಬರ್’. ಹುಡುಗಿ ಹೇಳಿದ್ದು ‘ಬೆಣ್ಣೆಯಲ್ಲ’: ‘ಸ ನೆ ಪಾ ದ್ಯು ಬರ್’. ಮೊದಲನೆಯದರಲ್ಲಿ ಬರೀ ‘ದ’, ಎರಡನೆಯದರಲ್ಲಿ ‘ದ್ಯು’. ನಿಷೇಧ ಬಂದರೆ ‘ದ್ಯು’ ಹೋಗಿ ‘ದ’ ಆಗುತ್ತದೆ ಎಂದು ಪುಸ್ತಕ ಹೇಳುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಎತ್ರ್ ಇದ್ದರೆ ಈ ನಿಯಮ ಅನ್ವಯಿಸದು’ ಎಂದೂ ಹೇಳುತ್ತದೆ. ಏಕೆ ಎಂದು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ಇಲ್ಲ’ಕ್ಕೂ ‘ಅಲ್ಲ’ಕ್ಕೂ ಒಂದೇ ಪದವಾದ್ದರಿಂದ ಅಲ್ಲಿ ಹೇಳುವುದು ಕಷ್ಟ. ನಮಗೆ ಕಷ್ಟವೇ ಇಲ್ಲ. ವಸ್ತುವೇ ಇಲ್ಲದಿದ್ದರೆ, ಅಥವಾ ತಿನ್ನಲಿಲ್ಲ, ಕೊಳ್ಳಲಿಲ್ಲ ಎಂಬಲ್ಲಿ ‘ದ’. ವಸ್ತು ಕಣ್ಣೆದುರಿಗಿದ್ದು ಅದರ ಗುರುತು ತಪ್ಪಾಗಿದ್ದರೆ, ‘ಅಲ್ಲ’ ಎನ್ನುವಲ್ಲಿ ‘ದ್ಯು’. ಹೆಣ್ಣು ಪದವಾದರೆ ‘ದ್ಯು’ ಬದಲು ‘ದ ಲಾ’.

ನಿಷೇಧವಿಲ್ಲದಾಗ ‘ದ್ಯು ಬರ್’ ಎಂದರೆ ಒಂದಿಷ್ಟು ಬೆಣ್ಣೆ, ‘ಲ ಬರ್’ ಎಂದರೆ ಗೊತ್ತಿರುವ ಆ ಬೆಣ್ಣೆ. ನಾವು ಈ ಕೆಲಸವನ್ನು ದ್ವಿತೀಯಾ ವಿಭಕ್ತಿಯನ್ನು ಹಾಕಿಯೋ ಬಿಟ್ಟೋ ಮಾಡುತ್ತೇವೆ. ‘ಅಂಗಡಿಯಿಂದ ಬೆಣ್ಣೆ ತಂದೆ’ ಎಂಬಲ್ಲಿ ‘ಅನ್ನು’ ಇಲ್ಲ, ಯಾವುದೋ ಒಂದಿಷ್ಟು, ‘ದ್ಯು ಬರ್’. ‘ತಂದ ಬೆಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟೆ’ ಎಂಬಲ್ಲಿ ‘ಅನ್ನು’ ಬಂತು, ಅದೇ ಬೆಣ್ಣೆ, ‘ಲ ಬರ್’. ನೂರಕ್ಕೆ ನೂರು ಹೊಂದುವುದಿಲ್ಲ. ‘ನನಗೆ ಬೆಣ್ಣೆ ಇಷ್ಟ’ ಎಂಬಲ್ಲಿ ನಾವು ಏನೂ ಹಚ್ಚುವುದಿಲ್ಲ, ಅವರು ಜಗತ್ತಿನ ಬೆಣ್ಣೆಯನ್ನೆಲ್ಲ ಒಟ್ಟಿಗೆ ಹಿಡಿದು ‘ಜೆಮ್ ಲ ಬರ್’ ಎನ್ನುತ್ತಾರೆ. ಇಷ್ಟವಿಲ್ಲ ಎಂದರೂ ‘ಲ’ ಅಲುಗುವುದಿಲ್ಲ. ‘ಬಹಳ’, ‘ಸ್ವಲ್ಪ’, ‘ಒಂದು ಕಿಲೋ’ ಎಂದು ಅಳತೆ ಹೇಳಿದರೆ ಬರೀ ‘ದ’.

ನಿಷೇಧದ ‘ಪಾ’ ಎಲ್ಲಿಂದ ಬಂತು ಗೊತ್ತೇ? ಅದರ ಮೂಲ ಅರ್ಥ ‘ಹೆಜ್ಜೆ’. ಹಿಂದೆ ಬರೀ ‘ನ’ ಎಂದರೇ ನಿಷೇಧವಾಗುತ್ತಿತ್ತು. ಒತ್ತು ಕೊಡಲು ‘ಒಂದು ಹೆಜ್ಜೆಯೂ ನಡೆಯಲಿಲ್ಲ’ ಎನ್ನುತ್ತಿದ್ದರು. ಹಾಗೇ ‘ಅಗುಳೂ ತಿನ್ನಲಿಲ್ಲ’ ಎನ್ನುವಂತೆ ತುಣುಕು ಎಂಬ ಅರ್ಥದ ‘ಮಿ’, ‘ತೊಟ್ಟೂ ಕುಡಿಯಲಿಲ್ಲ’ ಎನ್ನುವಂತೆ ಹನಿ ಎಂಬ ಅರ್ಥದ ‘ಗುತ್’ ಕೂಡ ಇದ್ದವು. ಅಗುಳು, ತೊಟ್ಟುಗಳು ಹಿಂದೆ ಬಿದ್ದವು, ಹೆಜ್ಜೆ ಮಾತ್ರ ಮುಂದೆ ನಡೆದು ಎಲ್ಲ ಕ್ರಿಯೆಗಳಿಗೂ ಅಂಟಿಕೊಂಡಿತು. ಈಗ ಮಾತಿನಲ್ಲಿ ಮೂಲದ ‘ನ’ವೇ ಉದುರಿಹೋಗಿ ‘ಪಾ’ ಒಂದೇ ಉಳಿಯುವುದೂ ಸಾಮಾನ್ಯ. ಪರೀಕ್ಷೆಯಲ್ಲಿ ಮಾತ್ರ ಎರಡನ್ನೂ ಬರೆಯಿರಿ.

ಈಗ ನಿಮ್ಮ ಎರಡನೆಯ ತಪ್ಪು. ‘ತ್ರ್ವಾ ಆಂ’ ಸೇರಿದರೆ ‘ತ್ರ್ವಾಜ಼ಾಂ’ ಆಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಣೆ ಓದಿರುತ್ತೀರಿ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟ ಸಂಧಿಯ ಪಾಠ ತೆಗೆಯಿರಿ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಂತೆ ‘ಲ’ ಮತ್ತು ‘ಆಮಿ’ ಸೇರಿ ‘ಲಾಮಿ’, ಲೋಪ. ‘ಮನೆ’ ಮತ್ತು ‘ಅಲ್ಲಿ’ ನಡುವೆ ‘ಯ’ ಬಂದಂತೆ ‘ಆ’ ಮತ್ತು ‘ಇಲ್’ ನಡುವೆ ‘ತ’ ಬಂದು ‘ಆತಿಲ್’, ಆಗಮ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆದಾಗ ‘ಕ’ ನಾದ ಪಡೆದು ‘ಗ’ ಆದಂತೆ, ‘ಲೆ’ ಪದದ ಕೊನೆಯಲ್ಲಿ ಬರೆದೂ ಉಚ್ಚರಿಸದ ‘ಸ’ಕಾರ ಸ್ವರ ಕಂಡಾಗ ಎದ್ದು, ನಾದ ಪಡೆದು ‘ಲೆಜ಼ಾಮಿ’ ಆಗುತ್ತದೆ. ನಮ್ಮಲ್ಲಿ ಸಂಧಿಯಾಗದ ಪ್ರಕೃತಿಭಾವ ಇದ್ದಂತೆ ಅವರಲ್ಲೂ ಇದೆ. ‘ಮತ್ತು’ ಎಂಬ ಅರ್ಥದ ‘ಎ’ ಆದ ಮೇಲೆ ಸಂಧಿ ಮಾಡುವಂತಿಲ್ಲ. ‘ವೀರರು’ ಎಂಬ ‘ಲೆ ಎರೊ’ದಲ್ಲಿಯೂ ಮಾಡುವಂತಿಲ್ಲ. ಮಾಡಿದರೆ ‘ಲೆಜ಼ೆರೊ’ ಆಗಿ ವೀರರೆಲ್ಲ ಸೊನ್ನೆಗಳಾಗುತ್ತಾರೆ. ಒನಕೆ ಓಬವ್ವನ ಊರಿನವರು ಆ ತಪ್ಪು ಮಾಡಬಾರದು.

ಕನ್ನಡವನ್ನು ಇಷ್ಟು ಹೊಗಳಿದ ಮೇಲೆ ಅದು ಮೋಸ ಮಾಡುವ ಜಾಗಗಳನ್ನೂ ಹೇಳಬೇಕು. ‘ಊಟ ಆಗಿಲ್ಲವೇ?’ ಎಂದರೆ ನಾವು ‘ಹೂಂ, ಆಗಿಲ್ಲ’ ಎನ್ನುತ್ತೇವೆ. ಫ್ರೆಂಚಿನಲ್ಲಿ ಆಗಿಲ್ಲದಿದ್ದರೆ ‘ಇಲ್ಲ’ ಎಂಬ ಅರ್ಥದ ‘ನೊಂ’, ಆಗಿದ್ದರೆ ಮಾಮೂಲಿ ‘ಹೌದು’ ಆದ ‘ವಿ’ ಎನ್ನದೆ ‘ಸಿ’ ಎನ್ನಬೇಕು. ನಾವು ‘ಬಂದೆ’ ಎಂದರೆ ಸಾಕು, ‘ನಾನು’ ಬೇಡ. ಅವರ ಕ್ರಿಯಾಪದದ ಬಾಲಗಳು ಬರವಣಿಗೆಯಲ್ಲಿದ್ದರೂ ಬಾಯಿಯಲ್ಲಿ ಬಹುತೇಕ ಸತ್ತಿವೆ, ಆದ್ದರಿಂದ ‘ಜ’ ಬಿಡುವಂತಿಲ್ಲ. ‘ಅವನ ತಾಯಿ, ಅವಳ ತಾಯಿ’ ಎರಡಕ್ಕೂ ‘ಸಾ ಮೆರ್’. ತಾಯಿ ಹೆಣ್ಣಾದ್ದರಿಂದ ‘ಸಾ’, ಮಗ ಮಗಳ ಗೊಡವೆ ಇಲ್ಲ. ನಮ್ಮ ‘ತನ್ನ’ ಎಂಬಂತೆ ತಿಳಿಯಿರಿ. ನಾಮಪದಕ್ಕೆ ಅದರ ವಿವರಣೆಯನ್ನು ಜೋಡಿಸುವ ‘ಕಿ’ ಮತ್ತು ‘ಕ’ ಪದಗಳ ಗೊಂದಲಕ್ಕೆ ಹೀಗೆ ಪರೀಕ್ಷಿಸಿ: ‘ನನ್ನನ್ನು ನೋಡಿದ ಹುಡುಗಿ’ ಎಂಬಲ್ಲಿ ಹುಡುಗಿಯೇ ಕರ್ತೃ, ‘ಕಿ’. ‘ನಾನು ನೋಡಿದ ಹುಡುಗಿ’ ಎಂಬಲ್ಲಿ ಹುಡುಗಿ ಕರ್ಮ, ‘ಕ’.

ಡೆಲ್ಫ್ ಬಗ್ಗೆ ಭಯ ಬೇಡ. ಅದರಲ್ಲಿ ವ್ಯಾಕರಣಕ್ಕೆಂದೇ ಪ್ರತ್ಯೇಕ ಪತ್ರಿಕೆ ಇಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ಒಂದೊಂದಕ್ಕೆ 25 ಅಂಕ. ಒಟ್ಟು 100ಕ್ಕೆ 50 ಬಂದರೆ ತೇರ್ಗಡೆ, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಮಾತಿಲ್ಲ. ಬೆಂಗಳೂರಿನ ಫ್ರೆಂಚ್ ಕಲಿಕಾ ಕೇಂದ್ರವಾದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಬರೆಯಬಹುದು. ನಮ್ಮ ಕಡೆಯ ಮಕ್ಕಳು ಸೋಲುವುದು ಕೇಳುವ ಭಾಗದಲ್ಲಿ, ಏಕೆಂದರೆ ಸಂಧಿಯನ್ನು ಕಣ್ಣಿನಲ್ಲಿ ಕಲಿತಿರುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಫ್ರೆಂಚ್ ರೇಡಿಯೋ ಕೇಳಿ, ಪದ ಒಡೆಯುವುದನ್ನು ಅಭ್ಯಾಸ ಮಾಡಿ. ಮನೆಯಲ್ಲಿ ಬೈದರೆ ಇಯರ್‌ಫೋನ್ ಹಾಕಿಕೊಳ್ಳಿ.

‘ತ್ಯು’ವೋ ‘ವು’ವೋ ಎಂಬುದು ಉಳಿಯಿತು. ಅದು ನಮ್ಮ ನೀನು, ನೀವು. ಅಮ್ಮನಿಗೆ, ಗೆಳತಿಗೆ, ಬೆಕ್ಕಿಗೆ ‘ತ್ಯು’. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊರುವಾಗ ‘ನೀನೇ ಕಾಪಾಡಪ್ಪ’ ಎನ್ನುತ್ತೇವಲ್ಲ, ಫ್ರೆಂಚ್ ಕ್ಯಾಥೊಲಿಕ್ಕರೂ ತಮ್ಮ ಮುಖ್ಯ ಪ್ರಾರ್ಥನೆಯಲ್ಲಿ ದೇವರಿಗೆ 1966ರಿಂದ ‘ತ್ಯು’ ಎನ್ನುತ್ತಾರೆ, ಅದಕ್ಕೆ ಮೊದಲು ‘ವು’ ಎನ್ನುತ್ತಿದ್ದರು. ಅಂಗಡಿಯವರಿಗೆ, ಅಪರಿಚಿತರಿಗೆ, ಪ್ರಾಧ್ಯಾಪಕರಿಗೆ ‘ವು’. ಅವರೇ ‘ತ್ಯು ಎನ್ನೋಣ’ ಎಂದ ಮೇಲೆ ಬದಲಾಯಿಸಿಕೊಳ್ಳಿ. ಮುಂದಿನ ಪತ್ರದಲ್ಲಿ ನಿನ್ನೆ ಏನೇನು ಮಾಡಿದಿರಿ ಎಂದು ಹತ್ತು ವಾಕ್ಯ ಫ್ರೆಂಚಿನಲ್ಲಿ ಬರೆಯಿರಿ. ಒಂದರಲ್ಲಿ ಇಳಿದಿರಿ, ಒಂದರಲ್ಲಿ ಏನನ್ನಾದರೂ ಇಳಿಸಿರಿ. ನನಗೆ ‘ವು’ ಎಂದೇ ಬರೆಯಿರಿ.